ಮೊಟ್ಟೆ ಜಾಸ್ತಿ ಬೇಕೋ, ನೆಮ್ಮದಿ ಜಾಸ್ತಿ ಬೇಕೋ: ಮನೆಗೆ ಯಾವ ಕೋಳಿ?

ಐದು ಕೋಳಿ, ಒಂದೊಂದೂ ವರ್ಷಕ್ಕೆ 300 ಮೊಟ್ಟೆ, ಒಟ್ಟು 1500. ಕೋಳಿ ಸಾಕಲು ಹೊರಟ ಮನೆಯಲ್ಲಿ ಮೊದಲು ನಡೆಯುವುದು ಈ ಲೆಕ್ಕ. ಗೂಡಿಗೆ ಗುಂಡಿ ತೋಡುವ ಮೊದಲೇ ಪಕ್ಕದ ಮನೆಗೆ ಎಷ್ಟು ಕೊಡುವುದು, ಮಿಕ್ಕಿದ್ದನ್ನು ಯಾರಿಗೆ ಮಾರುವುದು ಎಂಬುದೂ ತೀರ್ಮಾನವಾಗಿರುತ್ತದೆ. ಎಂಟು ತಿಂಗಳ ಮೇಲೆ ಅದೇ ಮನೆಯವರು ಅಂಗಡಿಯಲ್ಲಿ ಮೊಟ್ಟೆಗೆ ನಿಂತಿರುತ್ತಾರೆ. ಐದರಲ್ಲಿ ಎರಡು ಹುಂಜ ಎಂದು ಗೊತ್ತಾಗಿದೆ, ಒಂದನ್ನು ಮುಂಗುಸಿ ಒಯ್ದಿದೆ, ಒಂದು ಕಾವಿಗೆ ಕೂತು ಹತ್ತಿರ ಬಂದವರ ಕೈ ಕುಕ್ಕುತ್ತಿದೆ. ಉಳಿದ ಒಂದು ತಪ್ಪದೆ ಮೊಟ್ಟೆ ಇಡುತ್ತಿದೆ. ಎಲ್ಲಿ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಇದಕ್ಕೆಲ್ಲ ಗ್ರಹಚಾರವನ್ನು ಬೈದು ಪ್ರಯೋಜನವಿಲ್ಲ. ಇದರಲ್ಲಿ ಹೆಚ್ಚಿನದು ಕೋಳಿ ಆರಿಸಿದ ದಿನವೇ ನಿಶ್ಚಯವಾಗಿತ್ತು. ಹೆಚ್ಚು ಮೊಟ್ಟೆ ಇಡುವ ಕೋಳಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಚುರುಕು ಕಡಿಮೆ. ತನ್ನನ್ನು ತಾನು ಕಾಪಾಡಿಕೊಳ್ಳುವ ಕೋಳಿಗೆ ನಿಮಗೆ ಮೊಟ್ಟೆ ಕೊಡುವ ಆತುರ ಕಡಿಮೆ. ಎರಡೂ ಒಂದೇ ಕೋಳಿಯಲ್ಲಿ ಸಿಗುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಕ್ಕು ಮುಂದೆ ಹೋಗಿ. ಹಾಗಾಗಿ ‘ಯಾವುದು ಒಳ್ಳೆಯ ತಳಿ’ ಎಂದು ಕೇಳುವ ಬದಲು ‘ನಮ್ಮ ಮನೆಯವರಿಗೆ ಯಾವ ತಲೆನೋವು ಸಹಿಸಲು ಆಗುತ್ತದೆ’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನಾಟಿ: ಮೊಟ್ಟೆ ಇಡುವುದು ನಿಮಗಲ್ಲ

ನಾಟಿ ಹೇಂಟೆ ವರ್ಷಕ್ಕೆ 50ರಿಂದ 80 ಮೊಟ್ಟೆ ಇಡುತ್ತದೆ. ಒಂದೊಂದು 40ರಿಂದ 45 ಗ್ರಾಂ. ಕಡಿಮೆ ಯಾಕೆಂದರೆ ಅದು ಮೊಟ್ಟೆ ಇಡುವುದು ಮರಿ ಮಾಡುವುದಕ್ಕೆ. ಹನ್ನೆರಡರಿಂದ ಹದಿನೈದು ಮೊಟ್ಟೆ ಇಟ್ಟು ಮುಗಿಸಿ ಕಾವಿಗೆ ಕೂರುತ್ತದೆ, 21 ದಿನ ಏಳುವುದಿಲ್ಲ, ಆಮೇಲೆ ಎರಡು ಮೂರು ತಿಂಗಳು ಮರಿಗಳ ಹಿಂದೆಯೇ ಅಲೆಯುತ್ತದೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸುತ್ತು. ಮೊದಲ ಮೊಟ್ಟೆಗೇ ಆರೇಳು ತಿಂಗಳು ಕಾಯಬೇಕು.

ಇದರ ಗುಣ ಬೇರೆ ಕಡೆ ಇದೆ. ಗಿಡುಗದ ನೆರಳು ಅಂಗಳದ ಮೇಲೆ ಹಾದರೆ ನಾಟಿ ಹೇಂಟೆ ಒಂದು ಬಗೆಯ ಸದ್ದು ಹೊರಡಿಸುತ್ತದೆ, ಮರಿಗಳೆಲ್ಲ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಯ. ಗೆದ್ದಲು, ಹುಳ, ಚೆಲ್ಲಿದ ಕಾಳು ಇವೇ ಅದರ ಅರ್ಧ ಹೊಟ್ಟೆ ತುಂಬಿಸುತ್ತವೆ. ಅಡಿಕೆ ತೋಟ, ತೆಂಗಿನ ತೋಟ, ಕೊಟ್ಟಿಗೆ ಇರುವ ಮನೆಗೆ ಇದಕ್ಕಿಂತ ಕಡಿಮೆ ಕೆಲಸದ ಕೋಳಿ ಇಲ್ಲ. ಆದರೆ ಇದು ಆರು ಅಡಿಯ ಬೇಲಿಯನ್ನು ಬೇಲಿ ಎಂದು ಪರಿಗಣಿಸುವುದಿಲ್ಲ. ಒಂದು ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿದರೆ ಹಾರುವಾಗ ಸಮತೋಲನ ತಪ್ಪಿ ಇಳಿಯುತ್ತದೆ. ಎರಡೂ ಬದಿ ಕತ್ತರಿಸಿದರೆ ಕಷ್ಟಪಟ್ಟು ಹಾರುವುದನ್ನು ಕಲಿಯುತ್ತದೆ. ಕತ್ತರಿಸುವ ಮೊದಲು ಗರಿಯ ದಂಟು ನೋಡಿ. ಬೆಳ್ಳಗೆ ಒಣಗಿದ್ದರೆ ಕತ್ತರಿಸಬಹುದು. ಕಪ್ಪಾಗಿ ಕಂಡರೆ ಇನ್ನೂ ರಕ್ತ ಓಡಾಡುವ ಹೊಸ ಗರಿ, ಮುಟ್ಟಬೇಡಿ.

ಗೂಡಿನಲ್ಲಿ ಇಡದೆ ಹುಲ್ಲಿನ ಮೆದೆಯಲ್ಲೋ ಕಟ್ಟಿಗೆ ರಾಶಿಯ ಸಂದಿಯಲ್ಲೋ ಕದ್ದು ಮೊಟ್ಟೆ ಇಡುವುದು ಇದರ ಹುಟ್ಟುಗುಣ. ಮಧ್ಯಾಹ್ನ ಹನ್ನೆರಡರವರೆಗೆ ಕೂಡಿಹಾಕಿ, ನಂತರ ಬಿಡುವುದೊಂದೇ ದಾರಿ. ಕದ್ದಿಟ್ಟ ಮೊಟ್ಟೆ ಸಿಕ್ಕರೆ ನೀರಿಗೆ ಹಾಕಿ ನೋಡಿ. ತಳಕ್ಕೆ ಹೋಗಿ ಅಡ್ಡ ಮಲಗಿದರೆ ಹೊಸತು. ಒಂದು ತುದಿ ಮೇಲೆತ್ತಿ ನಿಂತರೆ ಹಳತು, ಬೇಗ ಬಳಸಬೇಕು. ತೇಲಿದರೆ ಒಡೆಯಬೇಡಿ, ಒಡೆಯುವುದೇ ಆದರೆ ಮನೆಯಿಂದ ದೂರ.

ಬಿವಿ-380: ನೌಕರಿಗೆ ಬಂದ ಕೋಳಿ

ಕೆಂಪು ಕಂದು ಬಣ್ಣದ, ಕಂದು ಮೊಟ್ಟೆಯ ಕೋಳಿ ಇದು. ವೆಂಕಟೇಶ್ವರ ಹ್ಯಾಚರೀಸ್‌ನ ತಳಿ. ಮೊಟ್ಟೆ ಕೋಳಿಗೆಂದೇ ತಯಾರಿಸಿದ ಮೇವು, ಅಂದರೆ ಲೇಯರ್ ಫೀಡ್, ತಪ್ಪದೆ ಕೊಟ್ಟರೆ ವರ್ಷಕ್ಕೆ 280ರ ಆಸುಪಾಸು ಮೊಟ್ಟೆ, 55ರಿಂದ 60 ಗ್ರಾಂ ತೂಕ. 18ರಿಂದ 20 ವಾರಕ್ಕೆ ಶುರು. ಕಾವಿಗೆ ಕೂರುವ ಗೋಜಿಲ್ಲ. ಮನುಷ್ಯರನ್ನು ಕಂಡರೆ ಓಡಿಬರುತ್ತದೆ, ಮಕ್ಕಳು ಎತ್ತಿಕೊಂಡರೂ ಸುಮ್ಮನಿರುತ್ತದೆ. ನಾಯಿಯ ಹತ್ತಿರವೂ ಅಷ್ಟೇ ಸಲುಗೆಯಿಂದ ಓಡಿಹೋಗುವುದು ಅದರ ತೊಂದರೆ.

ಈ ಕೋಳಿಯ ದೇಹ ದಿನಾ ಒಂದು ಚಿಪ್ಪು ಕಟ್ಟಬೇಕು. ಚಿಪ್ಪಿಗೆ ಬೇಕಾದ ಸುಣ್ಣ ಮೇವಿನಲ್ಲಿ ಸಿಗದಿದ್ದರೆ ತನ್ನ ಮೂಳೆಯಿಂದಲೇ ತೆಗೆದು ಕಟ್ಟುತ್ತದೆ. ನಾಟಿಗೆ ಹಾಕಿದಂತೆ ಒಂದು ಹಿಡಿ ಅಕ್ಕಿ ನುಚ್ಚು ಎರಚಿ ಬಿಟ್ಟರೆ ಎರಡು ತಿಂಗಳಲ್ಲಿ ತೊಗಲು ಮೊಟ್ಟೆ, ಆಮೇಲೆ ಕಾಲು ಕುಸಿದ ಕೋಳಿ. ಕೊಂಡಾಗ ಕೊಕ್ಕು ನೋಡಿ. ಫಾರಂಗೆ ಬೆಳೆಸಿದವಕ್ಕೆ ಕೊಕ್ಕಿನ ತುದಿ ಸುಟ್ಟು ಮೊಂಡು ಮಾಡಿರುತ್ತಾರೆ. ಅಂಥ ಕೋಳಿ ನೆಲದಲ್ಲಿ ಬಿದ್ದ ಒಂದು ಕಾಳು ಹೆಕ್ಕಲು ಮೂರು ಸಲ ಕುಕ್ಕುತ್ತದೆ. ಆಳವಾದ ತಟ್ಟೆಯಲ್ಲಿ ಮೇವು ಕೊಡಬೇಕು. ಹೊರಗೆ ಮೇಯ್ದು ಹೊಟ್ಟೆ ತುಂಬಿಸಿಕೊಳ್ಳುತ್ತದೆ ಎಂಬ ಆಸೆ ಬೇಡ.

ಬಿಳಿ ಲೆಗಾರ್ನ್ ಬಗೆಯ ಬಿವಿ-300 ಇನ್ನೂ ಹೆಚ್ಚು ಇಡುತ್ತದೆ, ಆದರೆ ಅದು ಪಂಜರಕ್ಕೆ ಒಗ್ಗಿದ ಬೆದರುಬುರುಕ ಹಕ್ಕಿ. ಕುಕ್ಕರ್ ಕೂಗಿದರೂ ಗೋಡೆಗೆ ಹಾರಿ ಬಡಿದುಕೊಳ್ಳುತ್ತದೆ. ಮನೆಗೆ ಬೇಡ.

ಗಿರಿರಾಜ, ಸ್ವರ್ಣಧಾರ, ಗ್ರಾಮಪ್ರಿಯ: ನಡುವಿನ ದಾರಿ

ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೆಳೆಸಿದ ತಳಿ, 1989ರಿಂದ ಹಳ್ಳಿಗಳಲ್ಲಿದೆ. ಬಣ್ಣಬಣ್ಣದ ಗರಿ, ನಾಟಿಯ ನೋಟ, ಎರಡರಷ್ಟು ಮೈ. ವರ್ಷಕ್ಕೆ 130ರಿಂದ 150 ಮೊಟ್ಟೆ. ಹೇಂಟೆಯೇ ಮೂರು ಕಿಲೋ ಮುಟ್ಟುವುದರಿಂದ ಹಾರಲಾರದು, ಮೂರಡಿ ಬೇಲಿ ಸಾಕು. ಅದೇ ಕಾರಣಕ್ಕೆ ನಾಯಿ ಬಂದರೆ ಓಡಲೂ ಆಗದು. ಮಾಂಸಕ್ಕೂ ಮೊಟ್ಟೆಗೂ ಆಗುತ್ತದೆ ಎಂಬುದು ನಿಜ, ಆದರೆ ಬರೀ ಮೊಟ್ಟೆಗೆ ಎಂದಾದರೆ ಅಷ್ಟು ದೊಡ್ಡ ಮೈಗೆ ಮೇವು ಹಾಕುವುದು ದಂಡ.

ಸ್ವರ್ಣಧಾರ 2005ರಲ್ಲಿ ಬಂದದ್ದು, ಗಿರಿರಾಜನಿಗಿಂತ ಹಗುರ, 180ರ ಸುಮಾರು ಮೊಟ್ಟೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ ಕಂದು ಮೊಟ್ಟೆಯ ಹಿತ್ತಲ ಕೋಳಿ, ಚೆನ್ನಾಗಿ ನೋಡಿಕೊಂಡರೆ 200 ದಾಟುತ್ತದೆ. ಅಲ್ಲಿಯದೇ ವನರಾಜ ಗಿರಿರಾಜನ ಸಾಲಿಗೆ ಸೇರಿದ ದಢೂತಿ. ಹಿತ್ತಲಿದ್ದು, ಫೀಡ್ ಜೊತೆಗೆ ಸ್ವಲ್ಪ ಮೇಯಲು ಬಿಡುವ ಮನೆಗೆ ಸ್ವರ್ಣಧಾರ ಅಥವಾ ಗ್ರಾಮಪ್ರಿಯ ನಮ್ಮ ಮೊದಲ ಆಯ್ಕೆ.

ಈ ಮೂರರಲ್ಲೂ ಎರಡು ಮೋಸ ಅಡಗಿವೆ. ಮೊದಲನೆಯದು, ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರ್ಪಡಿಸದೆ ಕೊಡುತ್ತಾರೆ. ಹತ್ತು ಮರಿ ತಂದರೆ ಐದು ಹೇಂಟೆ ಎಂದು ಲೆಕ್ಕ ಹಾಕಿ, ಆರಾದರೆ ಲಾಭ. ಎರಡನೆಯದು, ಇವು ಮಿಶ್ರತಳಿ. ಇವುಗಳದ್ದೇ ಮೊಟ್ಟೆ ಕಾವಿಗೆ ಇಟ್ಟು ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ. ಮೊಟ್ಟೆಯ ಸಂಖ್ಯೆಯೂ ಕುಸಿಯುತ್ತದೆ.

ಕಡಕ್‌ನಾಥ್: ನೋಡಲು ಬಂದವರಿಗೆ

ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ. 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಗರಿ, ಚರ್ಮ, ಮಾಂಸ ಎಲ್ಲ ಕಪ್ಪು, ಮೊಟ್ಟೆ ಮಾತ್ರ ತಿಳಿಗಂದು. ‘ಕಪ್ಪು ಮೊಟ್ಟೆ’ ಎಂದು ಹೇಳಿ ಮಾರುವವರ ಹತ್ತಿರ ಮೊಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ. ವರ್ಷಕ್ಕೆ 80ರಿಂದ 100 ಮೊಟ್ಟೆ, ನಾಟಿಗಿಂತ ಸ್ವಲ್ಪ ಹೆಚ್ಚು. ಆದರೆ ನಾಟಿಯಂತೆ ನೆಟ್ಟಗೆ ಕಾವಿಗೂ ಕೂರುವುದಿಲ್ಲ. ಮೊಟ್ಟೆಗಾಗಿ ಇದನ್ನು ಸಾಕುವುದು ಹಾಲಿಗಾಗಿ ರೇಸ್ ಕುದುರೆ ಸಾಕಿದಂತೆ.

ಒಂದು ಮೊಟ್ಟೆಗೆ ಎಷ್ಟು ಮೇವು

ದಿನಕ್ಕೆ 110 ಗ್ರಾಂ ತಿನ್ನುವ ಕೋಳಿ ವರ್ಷಕ್ಕೆ 40 ಕಿಲೋ ತಿನ್ನುತ್ತದೆ. ಫೀಡ್ ಕಿಲೋಗೆ 35 ರೂಪಾಯಿ ಎಂದು ಸುಮ್ಮನೆ ಇಟ್ಟುಕೊಳ್ಳಿ, ನಿಮ್ಮೂರಿನ ದರವನ್ನು ಆಮೇಲೆ ಹಾಕಿ. ಬಿವಿ-380ರಲ್ಲಿ 1400 ರೂಪಾಯಿಗೆ 280 ಮೊಟ್ಟೆ, ಒಂದಕ್ಕೆ 5 ರೂಪಾಯಿ. ಸ್ವರ್ಣಧಾರ 42 ಕಿಲೋ ತಿಂದು 180 ಇಟ್ಟರೆ 8 ರೂಪಾಯಿ ಚಿಲ್ಲರೆ. ಗಿರಿರಾಜ 45 ಕಿಲೋಗೆ 140 ಇಟ್ಟರೆ 11 ರೂಪಾಯಿ ದಾಟುತ್ತದೆ. ಕಡಕ್‌ನಾಥ್ 33 ಕಿಲೋಗೆ 90, ಹತ್ತಿರ ಹತ್ತಿರ 13 ರೂಪಾಯಿ.

ನಾಟಿಯ ಲೆಕ್ಕ ತಮಾಷೆಯದು. ವರ್ಷಕ್ಕೆ 60 ಮೊಟ್ಟೆ ಎಂದು ಹಿಡಿಯಿರಿ. ತೋಟದಲ್ಲಿ ಮೇಯ್ದು ದಿನಕ್ಕೆ 40 ಗ್ರಾಂ ಕಾಳು ಮಾತ್ರ ನಿಮ್ಮ ಕೈಯಿಂದ ತಿಂದರೆ ಮೊಟ್ಟೆಗೆ 9 ರೂಪಾಯಿಯ ಒಳಗೆ. ಅದೇ ನಾಟಿಯನ್ನು ಸೈಟಿನ ಮೂಲೆಯಲ್ಲಿ ಕೂಡಿಹಾಕಿ ವರ್ಷಕ್ಕೆ 30 ಕಿಲೋ ಫೀಡ್ ಹಾಕಿದರೆ 17 ರೂಪಾಯಿ ಮೀರುತ್ತದೆ, ಎಲ್ಲಕ್ಕಿಂತ ದುಬಾರಿ. ಬಿಟ್ಟು ಮೇಯಿಸಲು ಜಾಗವಿಲ್ಲದವರು ನಾಟಿ ಸಾಕಬಾರದು ಎನ್ನುವುದಕ್ಕೆ ಇಷ್ಟೇ ಕಾರಣ. ಗೂಡು, ಜಾಲರಿ, ಔಷಧಿ, ಮುಂಗುಸಿಯ ಪಾಲು ಇದರಲ್ಲಿ ಸೇರಿಲ್ಲ. ಅವನ್ನೂ ಸೇರಿಸಿ ಲೆಕ್ಕ ಹಾಕಿದವರು ಸಾಮಾನ್ಯವಾಗಿ ಮನೆಯವರಿಗೆ ತೋರಿಸುವುದಿಲ್ಲ.

ಮರಿ ತರುವುದೋ, ಬೆಳೆದದ್ದು ತರುವುದೋ

ಒಂದು ದಿನದ ಮರಿ ಅಗ್ಗ, ಮುದ್ದು. ಆದರೆ ಮೊದಲ ವಾರ ಅದಕ್ಕೆ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಹಳೆಯ ಕಾಲದ ತಂತಿಯ ಬಲ್ಬೇ ಆಗಬೇಕು, ಮರಿಗೆ ಎರಡು ವಾಟ್ ಲೆಕ್ಕ. ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಭರ್ಜರಿ, ಬೆಳಿಗ್ಗೆ ಮರಿಗಳು ತಣ್ಣಗೆ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಅಂಚಿಗೆ ಓಡಿ ಬಾಯಿ ತೆರೆದಿದ್ದರೆ ಸೆಕೆ, ಎಲ್ಲ ಕಡೆ ಹರಡಿ ಮಲಗಿದ್ದರೆ ಸರಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿಡಿ, ಇಲ್ಲದಿದ್ದರೆ ಮೈ ನೆನೆಸಿಕೊಂಡು ಚಳಿಗೆ ಸಾಯುತ್ತವೆ.

ಲಸಿಕೆಯ ತೊಡಕು ಬೇರೆ. ಮೊದಲ ದಿನ ಮಾರೆಕ್ಸ್ ರೋಗದ ಲಸಿಕೆ ಮರಿ ಮಾಡಿಸುವ ಹ್ಯಾಚರಿಯಲ್ಲೇ ಆಗಿರಬೇಕು. 5ರಿಂದ 7ನೇ ದಿನ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಎಂಬ ಲಸಿಕೆಯ ಹನಿ, ಎರಡನೇ ವಾರ ಗಂಬೋರೋ ರೋಗದ್ದು, ನಾಲ್ಕನೇ ವಾರ ಮತ್ತೆ ಲಸೋಟಾ, ಎಂಟನೇ ವಾರದ ಸುಮಾರಿಗೆ ಕೊಕ್ಕರೆ ರೋಗದ ಚುಚ್ಚುಮದ್ದು. ಚಿಕ್ಕ ಸೀಸೆಯೂ ನೂರು ಕೋಳಿಗೆ ಆಗುವಷ್ಟಿರುತ್ತದೆ, ತೆರೆದ ಎರಡು ಗಂಟೆಯೊಳಗೆ ಮುಗಿಯಬೇಕು, ತರುವಾಗ ಮಂಜುಗಡ್ಡೆಯಲ್ಲೇ ತರಬೇಕು. ನಿಮ್ಮ ಹತ್ತಿರ ಇರುವುದು ನಾಲ್ಕು ಕೋಳಿ. ಹಾಗಾಗಿ ಮೊದಲ ಸಲ ಸಾಕುವವರು ಲಸಿಕೆ ಮುಗಿದ, 8ರಿಂದ 10 ವಾರದ ಮರಿ ತರುವುದು ಲೇಸು. ಆ ವಯಸ್ಸಿಗೆ ಹುಂಜ ಯಾವುದೆಂದೂ ಹೆಚ್ಚುಕಡಿಮೆ ಗೊತ್ತಾಗುತ್ತದೆ: ಜುಟ್ಟು ದೊಡ್ಡದು, ಕೆಂಪು; ಕಾಲು ದಪ್ಪ; ಬಾಲದ ಬುಡದಲ್ಲಿ ಮೊನಚಾದ ಗರಿ.

ಮೊಟ್ಟೆಗೆ ಬರುವ ಹೇಂಟೆಯನ್ನೇ ತರುವುದಾದರೆ 16ರಿಂದ 18 ವಾರದ್ದು. ಸಂತೆಯಲ್ಲಿ ಮೋಸ ನಡೆಯುವುದು ಇಲ್ಲೇ. ಫಾರಂಗಳಲ್ಲಿ 72 ವಾರ ದಾಟಿಸಿ ತೆಗೆದುಹಾಕಿದ ಕೋಳಿಯನ್ನು ‘ಈಗಷ್ಟೇ ಮೊಟ್ಟೆಗೆ ಬಂದದ್ದು’ ಎಂದು ಕೊಡುತ್ತಾರೆ. ಕಾಲು ನೋಡಿ. ಹಳದಿ ಕಾಲಿನ ತಳಿಯಲ್ಲಿ ಇನ್ನೂ ಮೊಟ್ಟೆ ಇಡದ ಹೇಂಟೆಯ ಕಾಲು ಅರಿಶಿನ ಹಚ್ಚಿದಂತೆ ಹಳದಿ, ವರ್ಷವಿಡೀ ಇಟ್ಟು ದಣಿದದ್ದರ ಕಾಲು ಬಿಳಚಿಕೊಂಡಿರುತ್ತದೆ; ಆ ಬಣ್ಣವೆಲ್ಲ ಮೊಟ್ಟೆಯ ಹಳದಿಗೆ ಹೋಗಿದೆ. ಬೆನ್ನ ಮೇಲೆ ಕೈ ಒತ್ತಿದಾಗ ರೆಕ್ಕೆ ಸ್ವಲ್ಪ ಅಗಲಿಸಿ ಕುಕ್ಕರಿಸಿದರೆ ಮೊಟ್ಟೆಗೆ ಹತ್ತಿರವಾಗಿದೆ. ಹಿಂಭಾಗದ ಎರಡು ಸಣ್ಣ ಮೂಳೆಗಳ ನಡುವೆ ಎರಡು ಬೆರಳು ಹಿಡಿಸಿದರೆ ಆಗಲೇ ಇಡುತ್ತಿದೆ, ಒಂದೂ ಹಿಡಿಸದಿದ್ದರೆ ಇನ್ನೂ ಸಮಯವಿದೆ, ಅಥವಾ ನಿಲ್ಲಿಸಿಬಿಟ್ಟಿದೆ. ಈ ಎರಡನ್ನು ಬಿಡಿಸಿ ಹೇಳುವುದು ಮತ್ತೆ ಕಾಲಿನ ಬಣ್ಣವೇ.

ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳು ಬಹುಪಾಲು ಲೇಯರ್ ತಳಿಯ ಗಂಡುಮರಿಗಳು. ಮಗು ಹಟ ಮಾಡಿದರೆ ತನ್ನಿ, ಮೊಟ್ಟೆಯ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಗೂಡು: ತೆಳು ಜಾಲರಿಯ ನಂಬಿಕೆ

ಅಂಗಡಿಯಲ್ಲಿ ‘ಕೋಳಿ ಜಾಲರಿ’ ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗೆ ಇರಿಸುತ್ತದೆ, ಬೇರೆ ಯಾರನ್ನೂ ಹೊರಗೆ ಇರಿಸುವುದಿಲ್ಲ. ನಾಯಿ ಅದನ್ನು ಹಲ್ಲಿನಲ್ಲಿ ಹರಿಯುತ್ತದೆ, ಮರಿ ಮುಂಗುಸಿ ತೂರುತ್ತದೆ, ಮೊಟ್ಟೆಗೆ ಬರುವ ಹಾವಿಗೆ ಅದು ಬಾಗಿಲೇ. ಕೆಳಗಿನ ಮೂರಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್ ಹಾಕಿ, ಅದನ್ನು ನೆಲಮಟ್ಟದಲ್ಲಿ ಹೊರಕ್ಕೆ ಒಂದಡಿ ಮಡಿಚಿ ಮಣ್ಣು ಮುಚ್ಚಿ. ತೋಡಲು ಬಂದ ಹೆಗ್ಗಣ ಗೋಡೆಯ ಬುಡದಲ್ಲೇ ತೋಡುತ್ತದೆ, ಜಾಲರಿಗೆ ತಗಲಿ ವಾಪಸ್ ಹೋಗುತ್ತದೆ. ಒಂದಡಿ ಹಿಂದೆ ಸರಿದು ತೋಡುವ ಯೋಚನೆ ಅದಕ್ಕೆ ಹೊಳೆಯುವುದು ಅಪರೂಪ.

ಅಳತೆ ಹೀಗಿರಲಿ: ರಾತ್ರಿ ಮಲಗುವ ಜಾಗ ಕೋಳಿಗೆ ಎರಡು ಚದರ ಅಡಿ, ಹಗಲು ಓಡಾಡಲು ಎಂಟರಿಂದ ಹತ್ತು. ಕೂರುವ ಕೋಲು ಕೋಳಿಗೆ ಎಂಟು ಇಂಚು. ಮೊಟ್ಟೆ ಇಡುವ ಪೆಟ್ಟಿಗೆ ಒಂದಡಿ ಚೌಕ, ನಾಲ್ಕು ಕೋಳಿಗೆ ಒಂದು ಸಾಕು. ಎರಡು ಪೆಟ್ಟಿಗೆ ಇಟ್ಟರೂ ನಾಲ್ಕೂ ಒಂದರ ಮುಂದೆಯೇ ಸಾಲು ನಿಂತು ಜಗಳವಾಡುತ್ತವೆ, ಇನ್ನೊಂದು ಖಾಲಿ. ಕೋಲು ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಕೋಳಿ ಮಲಗುವುದು ಸಿಗುವ ಅತಿ ಎತ್ತರದ ಜಾಗದಲ್ಲಿ; ಪೆಟ್ಟಿಗೆ ಎತ್ತರದಲ್ಲಿದ್ದರೆ ರಾತ್ರಿಯಿಡೀ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ, ಬೆಳಿಗ್ಗೆ ಮೊಟ್ಟೆ ಅದರ ಮೇಲೆ.

ನೆಲಕ್ಕೆ ಭತ್ತದ ಹೊಟ್ಟು ಮೂರು ನಾಲ್ಕು ಇಂಚು ಹಾಸಿ ಎರಡು ಮೂರು ದಿನಕ್ಕೊಮ್ಮೆ ಕೆದಕುವುದೋ, ಅಥವಾ ಕಾಲೂರಿದ ಪಂಜರ ಇಟ್ಟು ಹಿಕ್ಕೆ ಕೆಳಗೆ ಬೀಳಲು ಬಿಡುವುದೋ? ಬಯಲುಸೀಮೆಯ ಒಣ ಹವೆಗೆ ಹೊಟ್ಟಿನ ಹಾಸು ಚೆನ್ನ, ವರ್ಷಕ್ಕೆ ಎರಡು ಸಲ ತೆಗೆದರೆ ತೋಟಕ್ಕೆ ಗೊಬ್ಬರ. ಮಲೆನಾಡು, ಕರಾವಳಿಯ ಜಡಿಮಳೆಯಲ್ಲಿ ಅದೇ ಹಾಸು ಕೆಸರಾಗಿ ರಕ್ತಭೇದಿ ತರುತ್ತದೆ. ಅಲ್ಲಿ ನೆಲದಿಂದ ಎರಡಡಿ ಎತ್ತರದ ಅಡಿಕೆ ದಬ್ಬೆಯ ಅಟ್ಟವೇ ವಾಸಿ. ಹಾಸು ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ಹಿಸುಕಿ ನೋಡಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಒದ್ದೆ. ಒಳಗೆ ಬಗ್ಗಿದಾಗ ಕಣ್ಣು ಉರಿದರೆ ಹಿಸುಕುವ ಅಗತ್ಯವೂ ಇಲ್ಲ, ಅಂದೇ ಬದಲಿಸಿ.

ಬೆಂಗಳೂರಿನಂಥ ಊರಿನ ತಾರಸಿಯಲ್ಲಿ ಹದ್ದು, ಕಾಗೆಗಿಂತ ದೊಡ್ಡ ಶತ್ರು ಕಾದ ಕಾಂಕ್ರೀಟು. 32 ಡಿಗ್ರಿ ದಾಟಿದರೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಾಗೆ ಬಿಟ್ಟಷ್ಟೂ ರಕ್ತದಲ್ಲಿ ಚಿಪ್ಪಿಗೆ ಬೇಕಾದ ಅಂಶ ಕಡಿಮೆಯಾಗಿ ಏಪ್ರಿಲ್ ಮೊಟ್ಟೆ ಬೆರಳು ತಗಲಿದರೆ ಬಿರಿಯುತ್ತದೆ. ನೆರಳು ಬಲೆ, ಒದ್ದೆ ಗೋಣಿ, ದಿನಕ್ಕೆ ಕೋಳಿಗೆ ಕಾಲು ಲೀಟರಿಗೂ ಮೀರಿ ತಣ್ಣೀರು ಬೇಕು. ಸಿಮೆಂಟು ನೆಲಕ್ಕೆ ಹಾಸು ಹಾಕದಿದ್ದರೆ ಅಂಗಾಲು ಒಡೆದು ಊದುತ್ತದೆ. ಮೂಲೆಯಲ್ಲಿ ಹಳೆಯ ಟಬ್ಬಿಗೆ ಮರಳು, ಒಲೆಯ ಬೂದಿ ತುಂಬಿಡಿ. ಅದರಲ್ಲಿ ಹೊರಳಾಡಿಯೇ ಅವು ಹೇನು, ಕೂರೆ ಕಳೆದುಕೊಳ್ಳುವುದು. ಮೊದಲ ಸಲ ನೋಡಿದವರು ಕೋಳಿಗೆ ಮೂರ್ಛೆ ಬಂತೆಂದು ನೀರು ಚಿಮುಕಿಸುವುದುಂಟು.

ಫೀಡ್, ಮನೆಯ ಮಿಶ್ರಣ, ಉಳಿದ ಅನ್ನ

ಹತ್ತಕ್ಕಿಂತ ಕಡಿಮೆ ಕೋಳಿ ಇದ್ದರೆ ಅಂಗಡಿಯ ಲೇಯರ್ ಫೀಡೇ ಸುಲಭ. ಚೀಲದ ಮೇಲೆ ಪ್ರೋಟೀನ್ 16ರಿಂದ 18, ಕ್ಯಾಲ್ಸಿಯಂ 3.5ರಿಂದ 4 ಪ್ರತಿಶತ ಇದೆಯೇ ನೋಡಿ. ಮೊದಲ ಮೊಟ್ಟೆ ಹತ್ತಿರವಾಗುವ ತನಕ ಇದನ್ನು ಮರಿಗಳಿಗೆ ಹಾಕಬಾರದು, ಅಷ್ಟು ಸುಣ್ಣ ಎಳೆಯ ಕಿಡ್ನಿಗೆ ಭಾರ.

ಮನೆಯಲ್ಲೇ ಕಲಸುವುದಾದರೆ ಹತ್ತು ಕಿಲೋಗೆ ಹೀಗೆ: ನುಚ್ಚು ಮಾಡಿದ ಮೆಕ್ಕೆಜೋಳ 5 ಕಿಲೋ, ಎಣ್ಣೆ ತೆಗೆದ ಸೋಯಾ ಹಿಂಡಿ 2 ಕಿಲೋ, ಗೋಧಿ ಬೂಸಾ 1.4 ಕಿಲೋ, ಕಡಲೆಕಾಯಿ ಹಿಂಡಿ ಅರ್ಧ ಕಿಲೋ, ಸುಣ್ಣಕಲ್ಲು ಅಥವಾ ಕಪ್ಪೆಚಿಪ್ಪಿನ ಚೂರು 850 ಗ್ರಾಂ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) 150 ಗ್ರಾಂ, ಉಪ್ಪು 30 ಗ್ರಾಂ, ವಿಟಮಿನ್-ಖನಿಜದ ಪುಡಿ ಪ್ಯಾಕೆಟ್ ಮೇಲೆ ಹೇಳಿದಷ್ಟು. ಹಸಿ ಸೋಯಾ ಕಾಳು ಹಾಕಬೇಡಿ, ಜೀರ್ಣವಾಗದು. ಮುಗ್ಗಲು ವಾಸನೆಯ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಇರುತ್ತದೆ, ‘ಕೋಳಿಗೆ ತಾನೇ’ ಎಂದು ಹಾಕಿದರೆ ಲಿವರ್ ಹೋಗುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ಕಲಸಿ.

ಉಳಿದ ಅನ್ನ, ಮುದ್ದೆ, ಚಪಾತಿ ಚೂರು ದಿನದ ಮೇವಿನ ಹತ್ತರಲ್ಲೊಂದು ಪಾಲಿಗೆ ನಿಲ್ಲಲಿ. ಅದು ಸಂಜೆ, ಹೊಟ್ಟೆಗೆ ಫೀಡ್ ಬಿದ್ದ ಮೇಲೆ. ಬೆಳಿಗ್ಗೆಯೇ ಅನ್ನ ಕಂಡ ಕೋಳಿ ಆ ದಿನ ಫೀಡ್ ಕಡೆ ತಿರುಗುವುದಿಲ್ಲ, ಮೈ ಬರುತ್ತದೆ, ಮೊಟ್ಟೆ ಬರುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಹಸಿರು ಬಿದ್ದ ಆಲೂಗಡ್ಡೆ ಸಿಪ್ಪೆ, ಬೆಣ್ಣೆಹಣ್ಣು ಬೇಡವೇ ಬೇಡ. ನುಗ್ಗೆ ಸೊಪ್ಪು, ಕುದುರೆ ಮೆಂತ್ಯ, ಚೆಂಡುಹೂವಿನ ಎಸಳು ಹಾಕಿದರೆ ಹಳದಿ ಗಾಢವಾಗುತ್ತದೆ. ಚಿಪ್ಪಿನ ಬಣ್ಣ ಮಾತ್ರ ಮೇವಿನಿಂದ ಬದಲಾಗದು, ಅದು ತಳಿಯ ಹಣೆಬರಹ. ಒಡೆದ ಮೊಟ್ಟೆಯ ಚಿಪ್ಪನ್ನು ಒಣಗಿಸಿ ಪುಡಿ ಮಾಡಿಯೇ ಕೊಡಿ. ಅರ್ಧ ಚಿಪ್ಪನ್ನು ಹಾಗೇ ಎಸೆದರೆ ‘ಓ, ಇದರೊಳಗೆ ಊಟ ಇರುತ್ತದೆ’ ಎಂಬ ಜ್ಞಾನೋದಯವಾಗಿ ತನ್ನ ಮೊಟ್ಟೆಯನ್ನೇ ಒಡೆದು ತಿನ್ನಲು ಕಲಿಯುತ್ತದೆ. ಕಲಿತದ್ದಕ್ಕೆ ಮದ್ದು: ಪೆಟ್ಟಿಗೆಗೆ ಗೋಣಿಯ ಪರದೆ ಕಟ್ಟಿ ಕತ್ತಲು ಮಾಡಿ, ಒಳಗೆ ಮರದ ಮೊಟ್ಟೆಯೊಂದನ್ನು ಇಟ್ಟು, ನಿಜವಾದದ್ದನ್ನು ಹತ್ತು ಗಂಟೆಗೇ ಎತ್ತಿ. ಮರಕ್ಕೆ ಕುಕ್ಕಿ ಕುಕ್ಕಿ ಬೇಸರವಾಗಲು ಒಂದು ವಾರ ಸಾಕು.

‘ನಿನ್ನೆ ಇಟ್ಟಿತ್ತು, ಇವತ್ತು ಯಾಕಿಲ್ಲ’ ಎಂಬ ತಕರಾರಿಗೂ ಉತ್ತರವಿದೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಹಾಗಾಗಿ ದಿನಾ ಸ್ವಲ್ಪ ತಡವಾಗುತ್ತಾ ಮಧ್ಯಾಹ್ನಕ್ಕೆ ತಲುಪಿದ ಮೇಲೆ ಒಂದು ದಿನ ರಜೆ. ವರ್ಷಕ್ಕೊಮ್ಮೆ ಗರಿ ಉದುರಿಸುವಾಗ ಎರಡು ಮೂರು ತಿಂಗಳು ಪೂರ್ತಿ ಬಂದ್. ಅರ್ಧ ಕಿತ್ತ ಪೊರಕೆಯಂತೆ ಕಾಣುವ ಆ ಕೋಳಿಗೆ ಕಾಯಿಲೆಯೇನಿಲ್ಲ, ಪ್ರೋಟೀನ್ ಸ್ವಲ್ಪ ಜಾಸ್ತಿ ಕೊಡಿ.

ಹುಂಜ ಬೇಕೇ

ಮೊಟ್ಟೆಗೆ ಬೇಕಿಲ್ಲ. ಹೇಂಟೆ ಹುಂಜವಿಲ್ಲದೆಯೂ ಅಷ್ಟೇ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಒಳಗಿನ ರಕ್ತದ ಚುಕ್ಕೆ ನೋಡಿ ‘ಮರಿ ಕಟ್ಟಿದೆ’ ಎನ್ನುವುದು ತಪ್ಪು, ಅದು ಮೊಟ್ಟೆ ಬಿಡುಗಡೆಯಾಗುವಾಗ ಒಡೆದ ಸಣ್ಣ ನಾಳದ ಗುರುತು. ಬಯಲಿನಲ್ಲಿ ಮೇಯುವ ಗುಂಪಿಗೆ ಹುಂಜ ಕಾವಲುಗಾರ. ಸಾಲುಮನೆಗಳ ನಡುವೆ ಅದು ಪೊಲೀಸ್ ಠಾಣೆಗೆ ದಾರಿ. ಹುಂಜ ಬೆಳಕು ಕಂಡು ಕೂಗುತ್ತದೆಂದು ಗೂಡಿಗೆ ಕಪ್ಪು ಬಟ್ಟೆ ಕಟ್ಟುವವರಿದ್ದಾರೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದಂತೆ ಅದು ಕೂಗುವುದು ತನ್ನೊಳಗಿನ ಗಡಿಯಾರ ನೋಡಿ, ಬೆಳಕು ಬರುವ ಮುನ್ನವೇ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡ ಅಜ್ಜಿಯ ಲೆಕ್ಕ ತಪ್ಪಾದರೂ ಕೋಳಿಯ ಲೆಕ್ಕ ಸರಿಯಿತ್ತು.

ಕಾವಿಗೆ ಕೂತ ಕೋಳಿ

ಮೈ ಹಪ್ಪಳವಾಗಿ ಪೆಟ್ಟಿಗೆಗೆ ಅಂಟಿಕೊಂಡು, ಮುಟ್ಟಿದರೆ ಗರಿ ನಿಮಿರಿಸಿ ಗುರ್ ಎನ್ನುವ ಹೇಂಟೆಯನ್ನು ಎತ್ತಿ ಹೊರಗೆ ಬಿಟ್ಟರೆ ಐದು ನಿಮಿಷದಲ್ಲಿ ಮರಳಿ ಅಲ್ಲೇ. ಮೊಟ್ಟೆ ಇಲ್ಲದಿದ್ದರೆ ಕಲ್ಲಿನ ಮೇಲಾದರೂ ಕೂರುತ್ತದೆ. ನೀರಲ್ಲಿ ಮುಳುಗಿಸುವುದು, ಮೂಗಿಗೆ ಗರಿ ಚುಚ್ಚುವುದು ಹಿಂಸೆ, ಬೇಡ. ತಳಕ್ಕೂ ಜಾಲರಿಯಿರುವ ಪಂಜರವನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಹುಲ್ಲು ಹಾಸದೆ, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಅದರಲ್ಲಿಡಿ. ಹೊಟ್ಟೆಯಡಿ ಗಾಳಿಯಾಡಿ ಮೈಬಿಸಿ ಇಳಿದಂತೆ ಕಾವಿನ ಹುಚ್ಚೂ ಇಳಿಯುತ್ತದೆ.

ಇಳಿಸುವ ಬದಲು ಬಳಸಿಕೊಳ್ಳುವುದು ಜಾಣತನ. ಮೂರು ಸ್ವರ್ಣಧಾರ ಅಥವಾ ಬಿವಿ-380 ಜೊತೆ ಒಂದು ನಾಟಿ ಹೇಂಟೆ ಇದ್ದರೆ ನಿಮಗೆ ಮೊಟ್ಟೆಯೂ ಆಯಿತು, ಕರೆಂಟು ಬೇಡದ ಇನ್‌ಕ್ಯುಬೇಟರೂ ಆಯಿತು. ಹುಂಜ ಓಡಾಡುವ ಮನೆಯಿಂದ ತಂದ, ವಾರದೊಳಗಿನ, ತೊಳೆಯದ ಹತ್ತು ಹನ್ನೆರಡು ನಾಟಿ ಮೊಟ್ಟೆ ರಾತ್ರಿ ಹೊತ್ತು ಅದರಡಿ ಇಡಿ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಹಿಡಿದಾಗ ಜೇಡರ ಬಲೆಯಂತೆ ಕೆಂಪು ಎಳೆ ಕಂಡರೆ ಮರಿಯಿದೆ, ಬರೀ ಬೆಳ್ಳಗಿದ್ದರೆ ತೆಗೆದುಬಿಡಿ.

ಯಾವ ಮನೆಗೆ ಯಾವುದು

ಇಬ್ಬರೂ ಕೆಲಸಕ್ಕೆ ಹೋಗುವ, ತಾರಸಿಯೋ ಮೂವತ್ತು ನಲವತ್ತರ ಸೈಟೋ ಇರುವ ಮನೆಗೆ ನಾಲ್ಕು ಬಿವಿ-380, ಮುಚ್ಚಿದ ಗೂಡು, ಅಂಗಡಿ ಫೀಡು. ದಿನಕ್ಕೆ ಮೂರು ಮೊಟ್ಟೆ ನಿರೀಕ್ಷಿಸಿ. ಹಿತ್ತಲಿದ್ದು ಹಗಲು ಯಾರಾದರೂ ಇರುವ ಮನೆಗೆ ಸ್ವರ್ಣಧಾರ ಅಥವಾ ಗ್ರಾಮಪ್ರಿಯ ಐದಾರು. ತೋಟದ ಮನೆಗೆ ನಾಟಿ, ಎಷ್ಟಾದರೂ. ಎಣಿಸಲು ಅವು ಹೇಗೂ ಬಿಡುವುದಿಲ್ಲ. ಮಾಂಸ ತಿನ್ನುವ ಮನೆಗೆ ಗಿರಿರಾಜ, ಆದರೆ ಮಕ್ಕಳು ಹೆಸರಿಡದಂತೆ ನೋಡಿಕೊಳ್ಳಿ. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ ನಿಜ, ಹೆಸರಿಟ್ಟ ಮಗುವನ್ನು ಕೇಳದೆ ಹೊಸತೊಡಕಿಗೆ ಮಸಾಲೆ ಅರೆಯಲಾಗದು. ಮಾಂಸ ತಿನ್ನದ ಮನೆಯವರು ಮೊದಲೇ ಇನ್ನೊಂದು ಪ್ರಶ್ನೆ ಬಗೆಹರಿಸಿಕೊಳ್ಳಬೇಕು: ಎರಡು ಮೂರು ವರ್ಷಕ್ಕೆ ಮೊಟ್ಟೆ ಇಳಿಮುಖವಾಗುತ್ತದೆ, ಕೋಳಿ ಐದಾರು ವರ್ಷ ಬದುಕುತ್ತದೆ. ಪಿಂಚಣಿಯ ವ್ಯವಸ್ಥೆ ಆಗಬೇಕು.

ಯಾವುದನ್ನೇ ತಂದರೂ ಮೊದಲ ಒಂದು ವಾರ ಹೊರಗೆ ಬಿಡಬೇಡಿ, ಇದೇ ಮನೆ ಎಂದು ಅದಕ್ಕೆ ಗೊತ್ತಾಗಬೇಕು. ಎಂಟನೇ ದಿನ ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ, ಹೊಟ್ಟೆ ಹಸಿದಿರುವಾಗ ಬಿಡಿ. ಕತ್ತಲಾಗುತ್ತಿದ್ದಂತೆ ಒಂದೊಂದಾಗಿ ಒಳಗೆ ಬರುತ್ತವೆ. ಬಾಗಿಲು ಹಾಕುವ ಮೊದಲು ಎಣಿಸಿ. ಒಂದು ಕಡಿಮೆಯಾದರೆ ಬೇಲಿಯಾಚೆ ಹುಡುಕುವ ಮೊದಲು ಟಾರ್ಚನ್ನು ಮೇಲಕ್ಕೆ ಹಿಡಿದು ಹಲಸಿನ ಮರ ನೋಡಿ.